ಕಾರಣದ ಕಲಂ

“ಎಲ್ಲಾ ಓದಿದೆ ಅಕ್ಕಾ. ಅರ್ಥ ಆಗ್ಲಿಲ್ಲ ಅಷ್ಟೆ.”

ತಮ್ಮನ ಹೆಂಡತಿ ಕಾಗದವನ್ನು ಚಹಾದ ಲೋಟಕ್ಕೆ ಒರಗಿಸಿ ನಿಲ್ಲಿಸಿದ್ದಳು. ಹಬೆಗೆ ಅದರ ಅಂಚು ಮೆತ್ತಗಾಗಿತ್ತು. ಮೇಲೆ ಸೇನಾ ಕಚೇರಿಯ ಮೊಹರು, ಕೆಳಗೆ ಯಾರದೋ ಅವಸರದ ಸಹಿ. ನಡುವೆ ಒಂದೇ ವಾಕ್ಯ: ಹೊರದೇಶದ ಠಾಣೆಯಲ್ಲಿ ತಮ್ಮನ ಎರಡು ವರ್ಷದ ಅವಧಿ ಈ ತಿಂಗಳು ಮುಗಿಯುವುದಾದರೂ, ಅಲ್ಲಿನ ಪರಿಸ್ಥಿತಿ ಸಂಪೂರ್ಣವಾಗಿ ಸಹಜಸ್ಥಿತಿಗೆ ಮರಳಿದೆಯೆಂದು ಖಚಿತಪಡುವವರೆಗೆ ಅದನ್ನು ವಿಸ್ತರಿಸಲಾಗಿದೆ.

ವಾಕ್ಯ ಚೆನ್ನಾಗಿದೆ ಎಂದೇ ಅಕ್ಕನಿಗೆ ಮೊದಲು ಅನ್ನಿಸಿದ್ದು. ಆಮೇಲೆ ನಾಚಿಕೆಯಾಯಿತು.

“ಅಂದ್ರೆ ಇನ್ನೂ ಎಷ್ಟು ದಿನ?”

“ದಿನ ಬರೆದಿಲ್ಲ.”

“ಅದು ನಂಗೂ ಕಾಣುತ್ತೆ.”

“ಕೇಳಿ ನೋಡ್ತೀನಿ.”

“ಹೋದ ವಾರಾನೂ ಕೇಳಿ ನೋಡ್ತೀನಿ ಅಂದ್ರಿ.”

“ಹೋದ ವಾರ ಈ ಕಾಗದ ಬಂದಿರ್ಲಿಲ್ಲ.”

ಇಂಥ ಮಾತು ಅವಳಿಗೆ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಸುಳ್ಳಲ್ಲ; ನಿಜ ಅಂತಲೂ ಹೇಳಲಾಗದು. ಆದರೆ ಅದರ ಮೇಲೆ ಇನ್ನೊಂದು ಪ್ರಶ್ನೆ ಏಳುವುದಿಲ್ಲ. ತಮ್ಮನ ಹೆಂಡತಿಯೂ ಮುಂದೆ ಕೇಳಲಿಲ್ಲ. ಬ್ರೆಡ್ಡಿನ ಗಟ್ಟಿ ಅಂಚನ್ನು ಕತ್ತರಿಸಿ ತನ್ನ ತಟ್ಟೆಗೆ ಹಾಕಿಕೊಂಡು, ಮೆತ್ತಗಿನ ಭಾಗವನ್ನು ಇತ್ತ ತಳ್ಳಿದಳು. ಅಕ್ಕನ ಎಡಗಡೆಯ ಹಲ್ಲು ನೋಯುತ್ತಿರುವುದು ಅವಳಿಗೆ ಯಾರೂ ಹೇಳದೆಯೇ ಗೊತ್ತಾಗಿತ್ತು.

“ಅವ್ರು ಈ ತಿಂಗಳು ಬರಲ್ಲ ಅಂತಾದ್ರೆ ನಾನು ಶನಿವಾರ ಅಮ್ಮನ ಮನೆಗೆ ಹೋಗ್ತೀನಿ,” ಎಂದಳು, ಕತ್ತರಿಸುವುದನ್ನು ನಿಲ್ಲಿಸದೆ. “ಕೋಪಕ್ಕಲ್ಲ. ಆರು ವರ್ಷದಲ್ಲಿ ಹದಿನಾಲ್ಕು ತಿಂಗಳು ಒಟ್ಟಿಗಿದ್ವಿ. ಅವ್ರ ಮುಖ ನೆನೆಸ್ಕೊಂಡ್ರೆ ಈಗೀಗ ಫೋಟೋದಲ್ಲಿರೋ ಮುಖಾನೇ ಬರುತ್ತೆ. ನಂಗೆ ಹೆದ್ರಿಕೆ ಆಗುತ್ತೆ ಅಕ್ಕಾ.”

ಹೋಗಬೇಡ ಅನ್ನಬಹುದಿತ್ತು. ತಾಯಿ ಸತ್ತಾಗ ತಮ್ಮನಿಗೆ ಏಳು ವರ್ಷ, ತನಗೆ ಇಪ್ಪತ್ತೊಂದು. ಅವನನ್ನು ದೊಡ್ಡವನನ್ನಾಗಿ ಮಾಡುವುದರಲ್ಲಿ ತನ್ನ ಮದುವೆಯ ವಯಸ್ಸು ಯಾವ ನಿಲ್ದಾಣದಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಈಗ ಐವತ್ತಕ್ಕೆ ಈ ಮನೆಯಲ್ಲಿ ತನ್ನ ಹಲ್ಲುನೋವು ತಿಳಿಯುವವಳು ನೀನೊಬ್ಬಳೇ, ಅನ್ನಬಹುದಿತ್ತು.

“ಬಸ್ಸಿಗೆ ಹೊತ್ತಾಯ್ತು,” ಎಂದಳು.

*

ಸದನದಲ್ಲಿ ಸದಸ್ಯರು ಕೇಳುವ ಪ್ರಶ್ನೆಗಳಿಗೆ ಮಂತ್ರಿ ಎದ್ದುನಿಂತು ಓದುವ ಉತ್ತರವನ್ನು ಬರೆದುಕೊಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ. ವಿಭಾಗದಲ್ಲಿ ಅವಳಿಗೆ ‘ಪೂರ್ಣವಿರಾಮ’ ಎಂದು ಅಡ್ಡಹೆಸರು. ಅವಳು ಬರೆದ ಉತ್ತರದ ಮೇಲೆ ಉಪಪ್ರಶ್ನೆ ಬಂದದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಡ್ಡಹೆಸರು ತನಗೆ ಗೊತ್ತಿದೆಯೆಂದು ಅವಳು ತೋರಿಸಿಕೊಂಡಿರಲಿಲ್ಲ. ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು.

ಇವತ್ತಿನ ಕಡತ ಮೇಜಿನ ಮೇಲೆ ಬಂದು ಕೂತಿತ್ತು. ನಾಳೆ ಬೆಳಿಗ್ಗೆ ಸದನ. ನಾಲ್ಕು ಗಂಟೆಗೆ ಉತ್ತರ ಹೋಗಬೇಕು. ಹಿಂದಿನ ಸಾಲಿನ ಯಾವನೋ ಹೊಸ ಸದಸ್ಯ ನಾಲ್ಕು ಭಾಗದ ಪ್ರಶ್ನೆ ಕೇಳಿದ್ದ. ಹೊರದೇಶದ ಠಾಣೆಗಳಲ್ಲಿ ನಮ್ಮವರು ಎಷ್ಟು ಮಂದಿ? ದೇಶದ ಒಟ್ಟು ಖರ್ಚಿನಲ್ಲಿ ಸೇನೆಯ ಪಾಲೆಷ್ಟು? ಈ ಭಾರ ದೇಶದ ಬಲಕ್ಕೆ ಮೀರಿದ್ದೆಂದು ಸರ್ಕಾರ ಒಪ್ಪುವುದೆ? ಒಪ್ಪದಿದ್ದರೆ, ಆ ಠಾಣೆಗಳನ್ನು ಮುಂದುವರಿಸಲು ಕಾರಣವೇನು?

ಪ್ರಶ್ನೆಯ ಇನ್ನೊಂದು ಪ್ರತಿ ಕೊಡಲು ಬಂದ ಟೈಪಿಸ್ಟು ಹೋಗದೆ ನಿಂತಳು. ನಗುಮುಖದ ಹೆಂಗಸು, ಮೊಣಕಾಲು ನೋವಿನವಳು.

“ಮೂರನೇದಕ್ಕೆ ನಾನು ಉತ್ತರ ಹೇಳ್ಲಾ ಮೇಡಂ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮದು ಹಾಸಿಗೆ ಇಲ್ಲಿದೆ, ಕಾಲು ಪಕ್ಕದ ಮನೇಲಿದೆ.”

ಎದುರು ಮೇಜಿನ ಗುಮಾಸ್ತ ತಲೆ ಎತ್ತಲಿಲ್ಲ. “ಕಾಲು ಅಲ್ಲಿರೋದಕ್ಕೇ ನೀನು ಇಲ್ಲಿ ನಿದ್ದೆ ಮಾಡ್ತಿರೋದು.”

“ನಂಗೆ ನಿದ್ದೆ ಎಲ್ಲಿ ಬರುತ್ತೆ? ಮಂಡಿ ತೋರಿಸೋಣ ಅಂತ ದೊಡ್ಡಾಸ್ಪತ್ರೆಗೆ ಹೋದ್ರೆ, ಮೂಳೆ ಡಾಕ್ಟ್ರು ಠಾಣೆಗೆ ಹೋಗಿದ್ದಾರೆ, ಎಂಟು ತಿಂಗಳಾದ ಮೇಲೆ ಬನ್ನಿ ಅಂದ್ರು.”

“ನಮ್ಮ ಭಾವ ಬೂಟು ಕಾರ್ಖಾನೇಲಿದ್ದಾನೆ. ಠಾಣೆ ಮುಚ್ಚಿದ್ರೆ ಅವನ ಮಕ್ಕಳಿಗೆ ನಿನ್ನ ಮಂಡಿ ಬೇಯಿಸಿ ಹಾಕ್ತೀಯಾ?”

“ಮೂಳೆ ಮಾತ್ರ ಉಳಿದಿರೋದು, ತಗೊಂಡು ಹೋಗಿ.”

ಇಬ್ಬರೂ ನಕ್ಕರು. ಗುಮಾಸ್ತ ತನ್ನ ಮೇಜಿನ ಖಾನೆಯಿಂದ ನೋವಿನ ಮುಲಾಮಿನ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟ. ಇಬ್ಬರ ಜಗಳ ಪ್ರತಿ ವರ್ಷದ್ದು. ಕೇಳುತ್ತ ಕೂತ ಅವಳಿಗೆ ಇಬ್ಬರೂ ಸರಿ ಎಂದು ಅನ್ನಿಸುತ್ತಿತ್ತು; ಅಥವಾ ಏನೂ ಅನ್ನಿಸುತ್ತಿರಲಿಲ್ಲ. ಅನ್ನಿಸಬೇಕಾದ ಅಗತ್ಯ ಆ ಕುರ್ಚಿಗೆ ಇರಲಿಲ್ಲ.

ಮೊದಲ ಭಾಗಕ್ಕೆ ಬರೆದಳು: ನಾಲ್ಕು ಸಾವಿರದ ಇನ್ನೂರ ಹನ್ನೆರಡು. ಆ ಹನ್ನೆರಡರಲ್ಲಿ ತಮ್ಮ ಇದ್ದಾನೆಯೋ, ಇನ್ನೂರರಲ್ಲೋ? ಪೆನ್ನು ಒಂದು ಕ್ಷಣ ನಿಂತಿತು. ಅವನು ಅಲ್ಲಿ ಜನರೇಟರು ರಿಪೇರಿ ಮಾಡುತ್ತಾನೆ. ಹೋದ ತಿಂಗಳ ಪತ್ರದಲ್ಲಿ ಬರೆದಿದ್ದ: ಇಲ್ಲಿ ಎಲ್ಲ ಸರಿಯಾಗಿದೆ ಅಕ್ಕಾ. ಸಂತೆ ಕೂಡುತ್ತೆ, ಮದುವೆಗಳು ಆಗ್ತಿವೆ, ಶಾಲೆ ಗಂಟೆ ನಮಗೆ ಕೇಳುತ್ತೆ. ನಾವು ತಿಂಗಳಿಗೊಂದು ಸಲ ಬೇಲಿಗೆ ಬಣ್ಣ ಹೊಡೀತೀವಿ. ಅಂಗಡಿಯ ಮುದುಕಿ ನನ್ನ ಅಂಗಿಗೆ ಗುಂಡಿ ಹೊಲಿದು ಕೊಟ್ಟು, ‘ನೀವೆಲ್ಲ ಯಾಕಪ್ಪಾ ಬಂದಿದ್ದೀರಿ?’ ಅಂತ ಕೇಳಿದಳು. ನಮ್ಮ ಸಾಹೇಬರನ್ನು ಕೇಳಿ ಹೇಳ್ತೀನಿ ಅಂದೆ. ಸಾಹೇಬರು ನಕ್ಕರು.

ನಾಲ್ಕನೆಯ ಭಾಗ. ಕಾರಣ.

ಪ್ರತಿ ವರ್ಷ ಹಿಂದಿನ ವರ್ಷದ ಉತ್ತರ ನೋಡಿ ಬರೆಯುವುದು ಪದ್ಧತಿ. ಸದನಕ್ಕೆ ಒಮ್ಮೆ ಕೊಟ್ಟ ಕಾರಣ ಬದಲಾಗಬಾರದು. ಬದಲಾದರೆ ಬದಲಾವಣೆಗೂ ಕಾರಣ ಕೇಳುತ್ತಾರೆ. ಹಿಂದಿನ ವರ್ಷದ ಪುಟ ತೆರೆದಳು. ಅಲ್ಲಿ ಅದೇ ವಾಕ್ಯವಿತ್ತು: ಪರಿಸ್ಥಿತಿ ಸಂಪೂರ್ಣವಾಗಿ ಸಹಜಸ್ಥಿತಿಗೆ ಮರಳಿದೆಯೆಂದು ಖಚಿತಪಡುವವರೆಗೆ. ಬೆಳಿಗ್ಗೆ ಚಹಾದ ಲೋಟಕ್ಕೆ ಒರಗಿ ನಿಂತಿದ್ದ ವಾಕ್ಯ.

ಯಾರೋ ಕುತ್ತಿಗೆಯ ಮೇಲೆ ತಣ್ಣಗಿನ ಬೆರಳಿಟ್ಟಂತಾಯಿತು. ಈ ಸಾಲನ್ನು ಹೋದ ವರ್ಷ, ಅದರ ಹಿಂದಿನ ವರ್ಷ, ನಾನೇ ನೋಡಿ ಬರೆದಿದ್ದೇನೆ. ಓದಿರಲಿಲ್ಲ.

ಸೇನಾ ಕಚೇರಿಯ ಮೇಜರಿಗೆ ಫೋನು ಮಾಡಿದಳು.

“ಮುಂದುವರಿಸೋಕೆ ಕಾರಣ ಬೇಕಿತ್ತು ಸರ್. ನಿಮ್ಮಲ್ಲಿರೋ ಕಾರಣ.”

“ನಿಮ್ಮ ಉತ್ತರದಲ್ಲೇ ಇದೆಯಲ್ಲ ಮೇಡಂ. ಪರಿಸ್ಥಿತಿ ಸಹಜಸ್ಥಿತಿಗೆ—”

“ಅದು ನಾವು ಬರೆದಿದ್ದು. ನಿಮ್ಮ ದಾಖಲೆಯಲ್ಲಿ ಏನಿದೆ?”

“ನಮ್ಮ ದಾಖಲೇಲಿ ನಿಮ್ಮ ಉತ್ತರ ಇದೆ.” ಅವನ ದನಿಯಲ್ಲಿ ಕೊಂಕಿರಲಿಲ್ಲ. “ಸದನಕ್ಕೆ ಕೊಟ್ಟ ಮಾತು ಅಂದ್ರೆ ನಮಗೆ ಆಜ್ಞೆ ಇದ್ದ ಹಾಗೆ.”

“ಯಾವ ಪರಿಸ್ಥಿತಿ ಅಂತ?”

ಆ ಕಡೆ ಕಾಗದ ಮಗುಚಿದ ಸದ್ದು. “ಅದು ನಾನು ಸೇವೆಗೆ ಸೇರೋಕೆ ಮುಂಚಿನದು ಮೇಡಂ.”

*

ಕಡತಮನೆ ಕಟ್ಟಡದ ತಳದಲ್ಲಿತ್ತು. ಅಲ್ಲಿಯ ಮುದುಕ ನಿವೃತ್ತಿಯಾಗಿ ಮೂರು ವರ್ಷವಾದರೂ ಬರುತ್ತಿದ್ದ; ಅವನನ್ನು ಬಿಟ್ಟರೆ ಯಾವ ಕಡತ ಎಲ್ಲಿದೆಯೆಂದು ಹೇಳುವವರಿರಲಿಲ್ಲ. ಅವಳನ್ನು ಕಂಡು ಸ್ಟೂಲನ್ನು ತನ್ನ ಕರವಸ್ತ್ರದಿಂದಲೇ ಒರೆಸಿದ.

“ಪೂರ್ಣವಿರಾಮ ಕೆಳಗಿಳಿದು ಬಂದ್ರೆ ಏನೋ ಎಡವಟ್ಟಾಗಿದೆ ಅಂತ ಅರ್ಥ.”

“ಠಾಣೆ ಬಗ್ಗೆ ಮೊಟ್ಟಮೊದಲು ಕೊಟ್ಟ ಉತ್ತರ ಬೇಕು.”

“ಮೊದಲನೇದಾ? ಎಲ್ರೂ ಹಿಂದಿನ ವರ್ಷದ್ದು ಕೇಳ್ತಾರೆ. ಮೊದಲನೇದು ಯಾರೂ ಕೇಳಿದ್ದಿಲ್ಲಪ್ಪ.” ಏಣಿ ಹತ್ತಿದ. ಮೇಲಿಂದಲೇ ಕೇಳಿದ, “ತಮ್ಮ ಬಂದನಾ?”

“ಇಲ್ಲ.”

“ಬರ್ತಾನೆ ಬಿಡು.”

ಹತ್ತೊಂಬತ್ತು ವರ್ಷದ ಹಿಂದಿನ ಕಟ್ಟು. ದಾರ ಬಿಚ್ಚುವಾಗ ಅದು ಪುಡಿಯಾಗಿ ಬೆರಳಿಗಂಟಿತು. ಟೈಪು ಮಾಡಿದ ಪ್ರತಿಯ ಕೆಳಗೆ ಕೈಬರಹದ ಕರಡು ಇತ್ತು. ದುಂಡಗಿನ ಅಕ್ಷರ, ದೀರ್ಘಗಳನ್ನು ಬಾಲದ ಹಾಗೆ ಮೇಲಕ್ಕೆ ಎಳೆಯುವ ಚಾಳಿ. ತಾನು ಆ ಚಾಳಿ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಆಗ ಎಲ್ಲ ನೆನಪಾಯಿತು. ನೆನಪಾಗಿದ್ದು ದೊಡ್ಡದೇನಲ್ಲ. ಅವಳು ಸೇರಿ ಮೂರು ವರ್ಷವಾಗಿತ್ತು. ಮೇಲಿನವರು ರಜೆಯಲ್ಲಿದ್ದರು. ಠಾಣೆ ಶುರುವಾಗಿದ್ದು ಆರು ತಿಂಗಳಿಗೆಂದು. ಆರು ತಿಂಗಳಾದರೂ ಯಾಕೆ ವಾಪಸು ಬಂದಿಲ್ಲ ಎಂದು ಪ್ರಶ್ನೆ. ಸೇನಾ ಕಚೇರಿಗೆ ಫೋನು ಮಾಡಿದರೆ, ಕರೆತರೋ ಹಡಗು ಇನ್ನೂ ನಿಗದಿ ಆಗಿಲ್ಲ, ಎರಡು ವಾರದಲ್ಲಿ ಹೇಳ್ತೀವಿ, ಸದ್ಯಕ್ಕೆ ಏನಾದ್ರೂ ಹಾಕಿ ಎಂದರು. ಕಡತ ಒಯ್ಯುವವನು ಬಾಗಿಲಲ್ಲಿ ನಿಂತಿದ್ದ. ಮನೆಯಲ್ಲಿ ಹದಿನೇಳರ ತಮ್ಮ ಜ್ವರ ಬಂದು ಮಲಗಿದ್ದ, ಅವಳಿಗೆ ಬೇಗ ಹೋಗಬೇಕಿತ್ತು. ಕಾರಣದ ಕಲಂ ಒಂದೇ ಖಾಲಿ.

ಏನಾದರೂ ಹಾಕಿದಳು.

ಮೇಲಿನವರು ರಜೆಯಿಂದ ಬಂದು ಓದಿ ಬೆನ್ನು ತಟ್ಟಿದ್ದರು. “ನೋಡ್ರಯ್ಯಾ, ಹೀಗೆ ಬರೀಬೇಕು. ಸಹಜ ಆದ್ರೆ ಸಾಲದು, ಸಂಪೂರ್ಣ ಆಗ್ಬೇಕು. ಸಂಪೂರ್ಣ ಆದ್ರೂ ಸಾಲದು, ಖಚಿತ ಆಗ್ಬೇಕು. ಯಾರು ಖಚಿತಪಡಿಸ್ಬೇಕು ಅಂತ ಇಲ್ಲವೇ ಇಲ್ಲ. ಇದಕ್ಕೆ ಬಾಯಿ ಹಾಕೋ ಗಂಡಸು ಹುಟ್ಟಿಲ್ಲ.” ಆ ಸಂಜೆ ಅವಳು ತಮ್ಮನಿಗೆ ಕಿತ್ತಳೆಹಣ್ಣು ಕೊಂಡು ಹೋಗಿದ್ದಳು.

ಹಡಗು ನಿಗದಿಯಾಯಿತೋ ಇಲ್ಲವೋ. ಆ ಎರಡು ವಾರ ಬರಲೇ ಇಲ್ಲ. ಹಡಗಿನ ವಿಷಯ ಯಾವ ಕಾಗದದ ಮೇಲೂ ಇರಲಿಲ್ಲ. ಕಾಗದದ ಮೇಲೆ ಇದ್ದದ್ದು ಅವಳ ವಾಕ್ಯ.

“ಸಿಕ್ತಾ?” ಮುದುಕ ಕೇಳಿದ.

“ಸಿಕ್ತು.”

“ಯಾರು ಬರೆದಿದ್ದಂತೆ?”

ಅವಳು ಕರಡನ್ನು ಮಡಚಿದಳು. “ಸಹಿ ಇಲ್ಲ,” ಎಂದಳು. ಅದೂ ನಿಜವೇ.

*

ಮೂರೂವರೆಗೆ ನಿರ್ದೇಶಕನ ಕೋಣೆಗೆ ಹೋದಾಗ ಅವಳ ಕೈಯಲ್ಲಿ ಒಂದೇ ಹಾಳೆಯಿತ್ತು. ನಾಲ್ಕನೆಯ ಭಾಗಕ್ಕೆ ಅವಳು ಬರೆದದ್ದು: ಕಾರಣ ದಾಖಲೆಗಳಲ್ಲಿ ಕಂಡುಬರುವುದಿಲ್ಲ.

ಒಂದೇ ಸಲಕ್ಕೆ, ತಿದ್ದದೆ ಬರೆದಿದ್ದಳು. ಅದೇ ಅವಳಿಗೆ ಆಶ್ಚರ್ಯ. ಬಾಗಿಲ ಹತ್ತಿರ ಬಂದಾಗ ಮಾತ್ರ ಎಡಗಡೆಯ ಹಲ್ಲು ಜೋರಾಗಿ ಮಿಡಿಯತೊಡಗಿತು.

ನಿರ್ದೇಶಕ ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯ ಮನುಷ್ಯ. ಎದ್ದು ಕುರ್ಚಿ ಎಳೆದುಕೊಟ್ಟ. ಹಾಳೆ ಓದಿದ. ಕನ್ನಡಕ ತೆಗೆದು ಇನ್ನೊಮ್ಮೆ ಓದಿದ.

“ಇದು ನಿಜಾನಾ?”

“ಕೆಳಗೆ ಹೋಗಿ ನೋಡಿ ಬಂದೆ.”

“ಹಾಗಾದ್ರೆ ಹತ್ತೊಂಬತ್ತು ವರ್ಷ...” ಅವನು ವಾಕ್ಯ ಮುಗಿಸಲಿಲ್ಲ. ಕಿಟಕಿಯಾಚೆ ಅರ್ಧ ಕಟ್ಟಿ ನಿಂತ ಸೇತುವೆಯ ಕಂಬಗಳ ಮೇಲೆ ಹಕ್ಕಿಗಳು ಕೂತಿದ್ದವು. ಅವುಗಳನ್ನೇ ನೋಡಿದ. “ಅಲ್ಲಿ ಇಪ್ಪತ್ತಾರು ಮಂದಿ ತೀರಿಕೊಂಡಿದ್ದಾರೆ ಅಲ್ವಾ? ಅಪಘಾತ, ಜ್ವರ, ಎಲ್ಲ ಸೇರಿ?”

“ಇಪ್ಪತ್ತೇಳು.”

“ನಾಳೆ ಮಂತ್ರಿಗಳು ಎದ್ದುನಿಂತು ಇದನ್ನ ಓದಿದ್ರೆ ಆ ಇಪ್ಪತ್ತೇಳು ಮನೆಯವ್ರಿಗೆ ನಾವು ಏನು ಹೇಳಿದ ಹಾಗಾಯ್ತು ಮೇಡಂ?”

ಅದನ್ನು ಅವಳು ಯೋಚಿಸಿರಲಿಲ್ಲ. ಯೋಚಿಸಿದ್ದು ಒಂದೇ ಮನೆಯದು.

“ನಿಮ್ಮ ತಮ್ಮ ಅಲ್ಲೇ ಇರೋದು, ಅಲ್ವಾ?” ಅವನ ದನಿ ಮೆತ್ತಗಾಯಿತು. ಹೆದರಿಸುವ ದನಿಯಲ್ಲ; ಹೆದರಿಸಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. “ನೀವು ಯಾವತ್ತೂ ಬಾಯಿಬಿಟ್ಟು ಕೇಳಿಲ್ಲ. ಟೈಪಿಸ್ಟಮ್ಮ ಹೇಳಿದ್ರು. ನಾನು ಒಂದು ಫೋನು ಮಾಡ್ತೀನಿ. ಈ ತಿಂಗಳ ಹಡಗಿಗೇ ಬರ್ತಾರೆ.”

“ಮತ್ತೆ ಇದು?”

“ಇದು ಹಿಂದಿನ ವರ್ಷದ ಹಾಗೇ ಇರಲಿ ಬಿಡಿ. ಬದಲಾಯಿಸೋದು ನಮ್ಮಿಬ್ಬರ ಕೈಲಿ ಇಲ್ಲ. ಒಬ್ಬನನ್ನ ಕರೆಸೋದು ಇದೆ.”

ಅವನು ಆಗಲೇ ಫೋನು ಎತ್ತಿದ್ದ. ತಮ್ಮನ ಹೆಸರು ಕೇಳಿದ. ಅವಳು ಹೇಳಿದಳು. ಎಷ್ಟು ಬೇಗ ಹೇಳಿದೆ ಎಂದು ಆಮೇಲೆ ಲೆಕ್ಕ ಹಾಕಿದರೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಆಗಿರಲಿಲ್ಲ. ಅವನು ಫೋನಿನಲ್ಲಿ ‘ಹೌದು’, ‘ಸರಿ’, ‘ಅದು ನೀವೇ ನೋಡ್ಕೊಳ್ಳಿ’ ಎಂದ.

“ಏನಂತೆ?”

“ಆಯ್ತು. ಬದಲಿಗೆ ಒಬ್ರನ್ನ ಕಳಿಸ್ತಾರಂತೆ. ಸಂಖ್ಯೆ ಕಡಿಮೆ ಆಗೋ ಹಾಗಿಲ್ಲವಲ್ಲ, ಮೊದಲ ಭಾಗದಲ್ಲಿ ನೀವೇ ಬರೆದಿದ್ದೀರಿ.”

“ಯಾರನ್ನ?”

“ಯಾರೋ ಒಬ್ರು ಮೇಡಂ.” ತನ್ನ ಪೆನ್ನಿನ ಮುಚ್ಚಳ ತೆಗೆದು ಅವಳಿಗೆ ಕೊಟ್ಟ. “ಚಹಾ ತರಿಸ್ಲಾ? ನಿಮ್ಮ ಮುಖ ಬಿಳಿಚಿಕೊಂಡಿದೆ.”

ಪೆನ್ನು ಒಳ್ಳೆಯದಿತ್ತು, ತಾನಾಗಿಯೇ ಓಡಿತು. ‘ಸಂಪೂರ್ಣವಾಗಿ’ ಎಂಬಲ್ಲಿ ದೀರ್ಘದ ಬಾಲ ಮೇಲಕ್ಕೆ ಎದ್ದಿತು. ಅವಳು ತಿದ್ದಲಿಲ್ಲ.

ವಿಭಾಗಕ್ಕೆ ಬಂದು ಟೈಪಿಗೆ ಕೊಟ್ಟಳು. ಟೈಪಿಸ್ಟು ಓದುತ್ತಾ, “ಮತ್ತೆ ಅದೇನಾ?” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಲವಂಗ ತಂದು ಅವಳ ಮೇಜಿನ ಮೇಲಿಟ್ಟು ಹೋದಳು, ಹಲ್ಲಿಗೆ.

*

ಮನೆಗೆ ಹೋಗಿ ಹೇಳಬೇಕಾದ ಮಾತು ತುಂಬ ಸಣ್ಣದು. ಬರ್ತಾನೆ. ಒಂದೇ ಪದ. ಆದರೆ ತಮ್ಮನ ಹೆಂಡತಿ ಬುದ್ಧಿವಂತೆ; ಹೇಗೆ ಅಂತ ಕೇಳುತ್ತಾಳೆ. ಆ ಉಪಪ್ರಶ್ನೆಗೆ ದಾರಿಯಲ್ಲಿ ಮೂರು ಉತ್ತರ ಹೊಂದಿಸಿದಳು. ಮೂರೂ ಚೆನ್ನಾಗಿದ್ದವು. ಬಸ್ಸು ಬಂದಿತು, ಹೋಯಿತು. ಅವಳು ಹತ್ತಲಿಲ್ಲ. ನಡೆದಳು.

ಎಲ್ಲೋ ಒಂದು ಮನೆಗೆ, ತಮ್ಮನ ಬದಲಿಗೆ ಹೊರಡಬೇಕಾದವನ ಮನೆಗೆ, ಇನ್ನು ಕಾಗದ ತಲುಪಬೇಕಷ್ಟೆ. ಇವತ್ತಲ್ಲ, ನಾಲ್ಕೈದು ದಿನ ಬೇಕು. ಅಲ್ಲಿ ಯಾರೋ ಯಾರಿಗೋ ಬ್ರೆಡ್ಡಿನ ಅಂಚು ಕತ್ತರಿಸುತ್ತಿರಬಹುದು. ಎದುರಿಗೆ ಬಂದವರ ಮುಖ ನೋಡದಿರಲು ನೆಲ ನೋಡಿ ನಡೆದಳು. ನೆಲ ನೋಡಿದರೆ ಬೂಟುಗಳೇ ಕಂಡವು.

ದೊಡ್ಡಾಸ್ಪತ್ರೆಯ ಹೊರಗೋಡೆಯ ಪಕ್ಕ ಹೋಗುವಾಗ ಯಾರೋ ಮೊಣಕೈ ಮುಟ್ಟಿದರು. ಚೀಟಿ ಕೊಡುವ ಕಿಟಕಿಯ ಮುಂದಿನ ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದ ಒಬ್ಬ ಮುದುಕ.

“ತಾಯಿ, ಒಂದು ನಿಮಿಷ ನನ್ನ ಜಾಗದಲ್ಲಿ ನಿಂತ್ಕೋತೀರಾ? ಬೆಳಿಗ್ಗೆಯಿಂದ ನಿಂತಿದ್ದೀನಿ. ಹೋಗಿ ಈಗ ಬಂದ್ಬಿಡ್ತೀನಿ.”

“ಈ ಹಿಂದಿನವ್ರಿಗೆ ಹೇಳಬಾರದಾ?”

“ಅವ್ರಿಗೆ ಹೇಳಿದ್ರೆ ಜಾಗ ಹೋಗುತ್ತೆ. ನಿಮ್ಮ ಮುಖ ನೋಡಿದ್ರೆ ನಂಬಿಕೆ ಬರುತ್ತೆ.”

ಅವಳು ನಿಂತಳು. ಇಡೀ ದಿನದಲ್ಲಿ ಮಾಡಲು ಸಿಕ್ಕ ಒಂದು ಸ್ವಚ್ಛವಾದ ಕೆಲಸ ಎನ್ನಿಸಿತು. ಮುದುಕ ಕೈ ಮುಗಿದು ಮೂಲೆ ತಿರುಗಿ ಹೋದ.

ಕಿಟಕಿಯ ಒಳಗಿನವಳು ಕತ್ತೆತ್ತಿ, “ಯಾವ ಡಾಕ್ಟ್ರಿಗೆ?” ಎಂದಳು.

“ನಂಗಲ್ಲ. ಒಬ್ರು ಈಗ ಬರ್ತಾರೆ.”

“ಹೆಸರು?”

“ಗೊತ್ತಿಲ್ಲ.”

ಒಳಗಿನವಳು ಗಡಿಯಾರ ನೋಡಿ ಹಲಗೆಬಾಗಿಲು ಎಳೆದುಕೊಂಡಳು. ಆರು ಗಂಟೆ. ಸಾಲಿನವರು ಗೊಣಗಿದರು, ಯಾರೋ ಬೈದರು, ಒಬ್ಬೊಬ್ಬರಾಗಿ ಎಲ್ಲರೂ ಹೊರಟುಹೋದರು. ಅವಳು ಹೋಗಬಹುದಿತ್ತು. ಆದರೆ ಮುದುಕ ಬಂದು ಹುಡುಕಿದರೆ? ಮೂಲೆಯ ಕಡೆ ನೋಡಿದಳು. ಒಬ್ಬ ಬಂದ, ಅವನಲ್ಲ. ಇನ್ನೊಬ್ಬ, ಅವನೂ ಅಲ್ಲ. ಅಥವಾ ಅವನೇ ಏನೋ. ಆ ಮುಖ ತನಗೆ ಸರಿಯಾಗಿ ನೆನಪಿಲ್ಲವೆಂದು ತಟ್ಟನೆ ತಿಳಿಯಿತು.

ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಅವಳನ್ನೂ ಮುಚ್ಚಿದ ಕಿಟಕಿಯನ್ನೂ ನೋಡಿದಳು. ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ ಬಂದು ಅವಳ ಹಿಂದೆ ನಿಂತಳು.

“ಮತ್ತೆ ತೆಗೀತಾರಾ?”

ಅವಳು ಬಾಯಿ ತೆರೆದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬಾಯಿಗೆ ಏನೂ ಬರಲಿಲ್ಲ. ಆ ಮೌನವನ್ನೇ ಹೆಂಗಸು ಹೌದೆಂದು ತಿಳಿದು ತಲೆಯಾಡಿಸಿದಳು. ಅವಳ ಹಿಂದೆ ಒಬ್ಬ ಗಂಡಸು ಬಂದು ನಿಂತ. ಅವನ ಹಿಂದೆ ಮಗು ಎತ್ತಿಕೊಂಡ ಇನ್ನೊಬ್ಬ. ಹೊರಟುಹೋಗಿದ್ದವರಲ್ಲಿ ಇಬ್ಬರು ದೂರದಿಂದ ಇದನ್ನು ನೋಡಿ ಓಡಿಬಂದು, ತಾವು ಮೊದಲಿದ್ದವರೆಂದು ಜಗಳ ತೆಗೆದು, ಕೊನೆಗೆ ಹಿಂದೆ ಹೋಗಿ ನಿಂತರು.

ಬೀದಿದೀಪ ಹತ್ತಿಕೊಂಡಿತು. ತಿರುಗಿ ನೋಡಿದರೆ ಸಾಲು ಗೋಡೆಯುದ್ದಕ್ಕೂ ಬೆಳೆದು ಮೂಲೆಯವರೆಗೆ ಹೋಗಿತ್ತು. ಎಲ್ಲರೂ ಮುಂದಿನವರ ಕತ್ತು ನೋಡುತ್ತ ತಾಳ್ಮೆಯಿಂದ ನಿಂತಿದ್ದರು. ಹಿಂದೆ ಎಲ್ಲೋ ಯಾರೋ ಅರ್ಧ ಹೆಜ್ಜೆ ಸರಿದರು. ಆ ಅರ್ಧ ಹೆಜ್ಜೆ ಒಬ್ಬರಿಂದ ಒಬ್ಬರಿಗೆ ದಾಟುತ್ತ ಮುಂದಕ್ಕೆ ಬಂದು ಅವಳ ಬೆನ್ನು ಮುಟ್ಟಿತು. ಅವಳೂ ಅರ್ಧ ಹೆಜ್ಜೆ ಮುಂದಿಟ್ಟಳು. ಹಣೆಗೆ ಹಲಗೆ ತಣ್ಣಗೆ ತಾಕಿತು.